ಅತ್ತೆಗೆ ಬೇಸರವಾದದ್ದು ಗೊತ್ತಾಗಿದ್ದು ಹೇಗೆ?

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಮುಂಬೈ ಪಕ್ಕದ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆ, ಅತ್ತೆ-ಸೊಸೆ, ಹೆಂಡತಿಗೆ ಮಾತ್ರ ಹೇಳಿ ಮಗ ಅಡವಿಟ್ಟ ಬಳೆ. ವಿಷಯ ಗಟ್ಟಿಯಾಗಿದೆ. ಆದರೆ ಮೂರನೇ ಪುಟದಲ್ಲಿ ‘ಅತ್ತೆಗೆ ಬೇಸರವಾಗಿದೆ ಎಂದು ಅವಳಿಗೆ ಗೊತ್ತಾಯಿತು’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ನಾನು ಅಲ್ಲೇ ನಿಂತೆ. ಹೇಗೆ ಗೊತ್ತಾಯಿತು? ಅತ್ತೆ ಏನು ಮಾಡಿದರು? ಸೊಸೆ ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಳಾ? ನಿನ್ನ ಕಥೆ ಇರುವುದೇ ಅಲ್ಲಿ.

ಹೊಸದಾಗಿ ಬರೆಯುವವರಿಗೆ ನಾವು ಹಿರಿಯರು ಹೇಳುವ ಮಾತೊಂದಿದೆ: ಪಾತ್ರದ ಒಳಗೆ ಇಳಿ, ಪರಕಾಯ ಪ್ರವೇಶ ಮಾಡು. ಅದೊಂದೇ ಸಾಕು ಅಂತ ನನಗೆ ಈಗ ಅನ್ನಿಸುವುದಿಲ್ಲ. 2018ರಲ್ಲಿ ತಾಲ್ ಎಯಾಲ್, ಮೇರಿ ಸ್ಟೆಫೆಲ್, ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 25 ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಿದರೆ ಅವರ ಮನಸ್ಸು ಹೆಚ್ಚು ಸರಿಯಾಗಿ ತಿಳಿಯುತ್ತದಾ ಅಂತ ನೋಡಿದ್ದರು. ಹಾಗೇನೂ ಕಾಣಲಿಲ್ಲ. ಅವರನ್ನೇ ಮಾತಾಡಿಸಿ, ಕೇಳಿ ತಿಳಿದುಕೊಂಡಾಗ ಮಾತ್ರ ಊಹೆ ಸರಿಯಾಯಿತು.

ಅದಕ್ಕೇ ಹೇಳುತ್ತೇನೆ, ಅತ್ತೆಯ ವಯಸ್ಸಿನ ಹೆಂಗಸರನ್ನು ಕೇಳು. ಸಿಟ್ಟು ಬಂದಾಗ ಪಾತ್ರೆ ಕುಕ್ಕುತ್ತಾರೆ ಅಂತ ನಾವು ಸುಮ್ನೆ ಬರೆದುಬಿಡುತ್ತೇವೆ. ನಮ್ಮ ಕಟ್ಟಡದ ಒಬ್ಬ ಅಮ್ಮ ನನಗೆ ಹೇಳಿದ್ದೇ ಬೇರೆ. ಅವರಿಗೆ ಬೇಸರವಾದ ದಿನ ಸೊಸೆಯನ್ನು ಯಾವ ಕೆಲಸಕ್ಕೂ ಕರೆಯುವುದಿಲ್ಲವಂತೆ. ಕಾಯಿ ತಾವೇ ತುರಿಯುತ್ತಾರೆ. ಸಾರು ಅವತ್ತು ಇನ್ನೂ ಚೆನ್ನಾಗಿ ಮಾಡುತ್ತಾರೆ. ಎಲ್ಲರಿಗೂ ಬಡಿಸಿ, ‘ನಂಗೆ ಹಸಿವಿಲ್ಲ’ ಅನ್ನುತ್ತಾರೆ. ಇದನ್ನು ನಾನು ಮೇಜಿನ ಮುಂದೆ ಕೂತು ಊಹಿಸಲು ಸಾಧ್ಯವಿರಲಿಲ್ಲ.

ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುವುದು ಇಬ್ಬರ ನಡುವೆ ನಡೆಯುವ ಕೆಲಸ. ನೀನು ದಿನಾ ಹತ್ತುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯನ್ನೇ ನೋಡು. ಸಂಜೆಯ ಕಲ್ಯಾಣ್ ಫಾಸ್ಟ್. ದಾದರಿನಲ್ಲಿ ಹತ್ತಿದವಳು ಮೊದಲು ಕೂತವರ ಮುಖ ನೋಡುತ್ತಾಳೆ. ‘ಕಹಾಂ ಉತರೇಂಗೆ?’, ಎಲ್ಲಿ ಇಳಿಯುತ್ತೀರಿ, ಅನ್ನುತ್ತಾಳೆ. ಒಬ್ಬಳು ಫೋನಿನಿಂದ ತಲೆ ಎತ್ತದೆ ‘ಬೋಲ್ ದಿಯಾ’ ಅನ್ನುತ್ತಾಳೆ. ಆ ಸೀಟು ಆಗಲೇ ಬೇರೆಯವರಿಗೆ ಹೇಳಿ ಆಗಿದೆ. ಇನ್ನೊಬ್ಬಳು ‘ಠಾಣೆ’ ಅನ್ನುತ್ತಾಳೆ, ಆ ಸ್ಟೇಷನ್ನಿನಲ್ಲಿ ಅವಳ ಸೀಟು ಖಾಲಿಯಾಗುತ್ತದೆ. ಕೇಳಿದವಳು ಅವಳ ಮೊಣಕಾಲಿನ ಎದುರು ಬಂದು ನಿಂತಳು ಅಂದರೆ ಒಪ್ಪಂದ ಮುಗಿಯಿತು. ಠಾಣೆಯ ಹಿಂದಿನ ಸ್ಟೇಷನ್ ಮುಲುಂಡ್ ಬರುವ ಮೊದಲೇ ಕೂತವಳು ಇಯರ್‌ಫೋನ್ ಸುತ್ತಿ ಬ್ಯಾಗಿಗೆ ಹಾಕುತ್ತಾಳೆ, ಕಾಲಲ್ಲೇ ಚಪ್ಪಲಿ ಹುಡುಕುತ್ತಾಳೆ. ನಿಂತವಳು ಬ್ಯಾಗನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ಓರೆಯಾಗುತ್ತಾಳೆ. ಏಳುವವಳಿಗೆ ದಾರಿ ಆಗಬೇಕು, ಪಕ್ಕದವಳು ನುಗ್ಗಬಾರದು. ಒಬ್ಬಳು ಗುಜರಾತಿ, ಒಬ್ಬಳು ನಮ್ಮ ಊರಿನವಳು ಇದ್ದರೂ ಇದಕ್ಕೆ ತೊಂದರೆ ಇಲ್ಲ. ನಾವು ಯಾರ ತಲೆಯೊಳಗೂ ಹೋಗಲಿಲ್ಲ. ಆದರೂ ಯಾರಿಗೆ ಏನು ಬೇಕು ಅಂತ ಗೊತ್ತಾಯಿತು, ಅಲ್ವಾ? ಅಡುಗೆಮನೆಯನ್ನೂ ಹೀಗೆ ಬರಿ.

ಈಗ ಬಳೆಯ ವಿಷಯ. ಇಲ್ಲಿ ನನಗೆ ತಕರಾರು ಜಾಸ್ತಿ ಇದೆ. 1983ರಲ್ಲಿ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ಸಣ್ಣ ಮಕ್ಕಳಿಗೆ ಒಂದು ಕಥೆ ಹೇಳಿ ಪರೀಕ್ಷೆ ಮಾಡಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಹಾಕುತ್ತಾಳೆ. ಮ್ಯಾಕ್ಸಿ ವಾಪಸು ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕೊಲೇಟ್ ಈಗ ಇರುವ ಕಪಾಟನ್ನೇ ತೋರಿಸುತ್ತವೆ. ತಮಗೆ ಗೊತ್ತಿರುವುದು ಮ್ಯಾಕ್ಸಿಗೆ ಗೊತ್ತಿಲ್ಲ ಅನ್ನುವುದು ಅವುಗಳಿಗೆ ಹೊಳೆಯುವುದಿಲ್ಲ. ಹೆಚ್ಚಿನ ಮಕ್ಕಳಿಗೆ ಇದು ನಾಲ್ಕು, ಐದು ವರ್ಷದ ಹೊತ್ತಿಗೆ ಹೊಳೆಯುತ್ತದೆ.

ಬರೆಯುವವರಿಗೆ ಈ ಪರೀಕ್ಷೆ ಪ್ರತಿ ಪುಟದಲ್ಲೂ ಎದುರಾಗುತ್ತದೆ. ನಿನ್ನ ಐದನೇ ಪುಟದಲ್ಲಿ ಬಳೆಯ ಮಾತು ಬಂದ ಕೂಡಲೇ ಅತ್ತೆ ಮಗನ ಪರ ವಹಿಸಿ ಮಾತಾಡುತ್ತಾರೆ. ಅಡವಿಟ್ಟದ್ದನ್ನು ಅವರಿಗೆ ಯಾರು ಹೇಳಿದರು? ನಿನಗೆ ಗೊತ್ತು, ಅದು ಅವರ ಬಾಯಿಗೆ ಬಂದುಬಿಟ್ಟಿದೆ. ಬಳೆ ಕಪಾಟಿನಲ್ಲೇ ಇದೆ ಅಂತ ನಂಬಿರುವ ಅತ್ತೆ, ನೆಂಟರ ಮದುವೆಗೆ ಹೊರಡುವಾಗ ‘ಬಳೆ ಹಾಕ್ಕೊಂಡು ಬಾ’ ಅನ್ನಲಿ. ಆಗ ಸೊಸೆ ಕಪಾಟಿನ ಮುಂದೆ ಏನು ಮಾಡುತ್ತಾಳೆ ನೋಡು. ಯಾವ ಪಾತ್ರಕ್ಕೆ ಏನು ಗೊತ್ತಿಲ್ಲ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೋ.

ಊರಿಂದ ಬರುವ ಫೋನ್ ಕರೆ ಮಾತ್ರ ನನಗೆ ತುಂಬ ಹಿಡಿಸಿತು. ಸೊಸೆಯ ತಾಯಿ ‘ಚೌತಿಗೆ ಬರ್ತೀಯಾ?’ ಅನ್ನುತ್ತಾಳೆ. ಮಗಳು ಒಂದು ಕ್ಷಣ ತಡೆದು ‘ಮತ್ಸ್ಯಗಂಧಕ್ಕೆ ಟಿಕೆಟ್ ನೋಡ್ಬೇಕು’ ಅನ್ನುತ್ತಾಳೆ. ಆ ತಡೆಯನ್ನು ನೀನು ಎಲ್ಲಿಂದ ಹಿಡಿದೆಯೋ, ಬಹಳ ಸರಿಯಾಗಿ ಹಿಡಿದಿದ್ದೀಯ. ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು 10 ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟಿಸಿದರು. ಹೌದು-ಅಲ್ಲ ಪ್ರಶ್ನೆಗೆ ಉತ್ತರ ಬರಲು ಹಿಡಿಯುವ ಹೊತ್ತು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಪಾಲು. ಹೌದು ಅನ್ನುವ ಉತ್ತರ ಬೇಗ ಬರುತ್ತದೆ, ಅಲ್ಲ ಅನ್ನುವುದು ತಡ. ತಾಯಿಗೆ ಟಿಕೆಟ್ಟಿಗಿಂತ ಮೊದಲು ಕೇಳಿಸಿದ್ದು ಆ ತಡವೇ. ಅವಳು ‘ಅವ್ನು ಬೇಡ ಅಂದ್ನಾ?’ ಅಂತ ತಪ್ಪು ಊಹೆ ಮಾಡುತ್ತಾಳೆ. ಗಂಡನ ಮೇಲೆ ಬಂದ ಆ ಮಾತನ್ನು ತೆಗೆಯಲು ಹೋಗಿ ಮಗಳು ಅರ್ಧ ನಿಜ ಹೇಳಬೇಕಾಗುತ್ತದೆ. ಅಲ್ಲಿ ಒಂದಕ್ಷರವನ್ನೂ ಬದಲಿಸಬೇಡ. ಸರಿಯಾದ ಊಹೆಗಿಂತ ಇಂಥ ತಪ್ಪು ಊಹೆಗಳಿಗೆ ಜಾಗ ಕೊಡು. ಮನೆಯಲ್ಲಿ ಜಗಳ ಹುಟ್ಟುವುದೂ, ಮುಚ್ಚಿಟ್ಟದ್ದು ಹೊರಗೆ ಬರುವುದೂ ಅವುಗಳಿಂದಲೇ.

ಇನ್ನೊಂದು ಉಳಿಯಿತು. ಕೊನೆಯ ಪುಟದಲ್ಲಿ ನಾದಿನಿ ಬಂದು ‘ಅತ್ತಿಗೆ, ನಿಮ್ಮ ಬಳೆ ಒಂದಿನ ಕೊಡ್ತೀರಾ?’ ಅಂತ ಕೇಳುತ್ತಾಳೆ. ಗೊತ್ತಿದ್ದೇ ಕೇಳುತ್ತಿದ್ದಾಳಾ, ಗೊತ್ತಿಲ್ಲದೆಯಾ? ಸೊಸೆಗೆ ಅದು ತಿಳಿಯದಿರಲಿ, ಬೇಕಿದ್ದರೆ ಓದುಗರಿಗೂ ತಿಳಿಯದಿರಲಿ. ನಿನಗೆ ಗೊತ್ತಿರಬೇಕು. ಭಾನುವಾರ ಮಾಟುಂಗಾ ಕಡೆ ಬಂದರೆ ಮನೆಗೆ ಬಾ, ಮೊದಲು ಅದನ್ನೇ ಕೇಳುತ್ತೇನೆ.

ನಿನ್ನ
ಅಕ್ಕ