ಸೈರನ್ ಕೂಗಿದರೆ ಯಾವ ಕಡೆಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಮಂಗಳೂರಿನ ಕಾರ್ಖಾನೆಗಳ ಸುತ್ತಲಿನ ಪಣಂಬೂರು, ಬೈಕಂಪಾಡಿ, ಜೋಕಟ್ಟೆ, ಕಾಟಿಪಳ್ಳದ ಜನ ಅನಿಲದ ಅಪಾಯವನ್ನು ಮೂಗಿನಿಂದಲೇ ಅಳೆಯಬೇಕಾಗಿದೆ. ವಾಸನೆ ಬಂದರೆ ಭಯ, ಹೋದರೆ ನೆಮ್ಮದಿ. ತೈಲ ಶುದ್ಧೀಕರಣದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ವಿಷಯದಲ್ಲಿ ಈ ಅಳತೆ ಪ್ರಾಣಕ್ಕೇ ಎರವಾದೀತು. ತೀರಾ ಕಡಿಮೆ ಇದ್ದಾಗ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗಕ್ಕೆ ಏರಿದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ.

ಭೋಪಾಲ್ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ರೂಪುಗೊಂಡವು. ಕಾರ್ಖಾನೆಯ ಕಾಂಪೌಂಡಿನ ಹೊರಗೂ ತುರ್ತು ಯೋಜನೆ ಇರಬೇಕು, ವರ್ಷಕ್ಕೊಮ್ಮೆಯಾದರೂ ಅದರ ಅಣಕು ಕಾರ್ಯಾಚರಣೆ ನಡೆಯಬೇಕು, ಅಪಾಯಕ್ಕೆ ಸಿಲುಕಬಹುದಾದವರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ತಿಳಿಸಬೇಕು ಎನ್ನುತ್ತವೆ ಈ ನಿಯಮಗಳು. 1996ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು 45 ದಿನಕ್ಕೊಮ್ಮೆ ಸೇರಬೇಕು. ಕಾನೂನಿಗೆ ಕೊರತೆಯಿಲ್ಲ. ಯೋಜನೆಯ ಕಡತ ಮನೆಗಳ ತನಕ ಬಾರದಿರುವುದೇ ತೊಡಕು.

ಏಕೆಂದರೆ ಒಂದು ಅನಿಲಕ್ಕೆ ಹೇಳಿದ ಬುದ್ಧಿಮಾತು ಇನ್ನೊಂದಕ್ಕೆ ಸಲ್ಲದು. ರಸಗೊಬ್ಬರ ಕಾರ್ಖಾನೆ, ಐಸ್ ಪ್ಲಾಂಟ್, ಮೀನು ಸಂಸ್ಕರಣಾ ಘಟಕಗಳಲ್ಲಿ ಬಳಸುವ ಅಮೋನಿಯಾ ನೀರಿನಲ್ಲಿ ಬೇಗ ಕರಗುತ್ತದೆ. ಅದು ಸೋರಿದರೆ ಮೂಗು, ಬಾಯಿಗೆ ಒದ್ದೆ ಬಟ್ಟೆ ಹಿಡಿದು, ಬಾಗಿಲು ಕಿಟಕಿ ಭದ್ರಪಡಿಸಿ ಒಳಗಿರುವುದು ಸಾಮಾನ್ಯವಾಗಿ ಮೇಲು. ಅಡುಗೆ ಅನಿಲಕ್ಕೆ ಒದ್ದೆ ಬಟ್ಟೆಯಿಂದ ಉಪಯೋಗವಿಲ್ಲ. ಅದು ಗಾಳಿಗಿಂತ ಭಾರವಾದ್ದರಿಂದ ತೋಡು, ಚರಂಡಿ, ತಗ್ಗುಗಳಲ್ಲಿ ಹರಡಿ ನಿಲ್ಲುತ್ತದೆ. ಒಲೆ ಆರಿಸಿ. ಲೈಟಿನ ಸ್ವಿಚ್ಚನ್ನು ಹಾಕಲೂಬೇಡಿ, ತೆಗೆಯಲೂಬೇಡಿ. ವಾಹನ ಸ್ಟಾರ್ಟ್ ಮಾಡದೆ, ಗಾಳಿ ಬೀಸಿ ಬರುವ ದಿಕ್ಕಿನಲ್ಲಿರುವ ಎತ್ತರದ ಜಾಗಕ್ಕೆ ನಡೆದು ಹೋಗಬೇಕು. ಸೋರಿಕೆಯೇ ಆ ದಿಕ್ಕಿನಲ್ಲಿದ್ದರೆ ಅದರತ್ತ ಹೋಗದೆ, ಗಾಳಿಗೆ ಅಡ್ಡಲಾಗಿ ಪಕ್ಕಕ್ಕೆ ಸರಿಯಬೇಕು.

ಗಾಳಿಯ ಲೆಕ್ಕವೂ ಮುಖ್ಯ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಕಡಲ ಗಾಳಿ ಕಾರ್ಖಾನೆಗಳ ಪೂರ್ವದ ಮನೆಗಳತ್ತ ಬೀಸಿದರೆ, ರಾತ್ರಿ ನೆಲದಿಂದ ಕಡಲಿನತ್ತ ತಿರುಗುತ್ತದೆ. ಗಾಳಿ ಮಂದವಾಗಿರುವ ರಾತ್ರಿಗಳಲ್ಲಿ ಅನಿಲ ಬೇಗ ಚದುರದೆ, ನೆಲಕ್ಕಂಟಿಕೊಂಡೇ ಹೆಚ್ಚು ದೂರ ಸಾಗುತ್ತದೆ. ಒಂದೇ ದಿಕ್ಕಿಗೆ ಬಾಣ ಬರೆದ ನಕ್ಷೆ, ಹಗಲಿನಲ್ಲಷ್ಟೇ ನಡೆಸುವ ಅಣಕು ಕಾರ್ಯಾಚರಣೆ ಇದಕ್ಕೆ ಸಾಲವು.

ಪ್ರತಿ ವಾರ್ಡ್ ಕಚೇರಿ, ಪಂಚಾಯತ್ ಹಾಗೂ ಶಾಲೆಯಲ್ಲಿ ಒಂದೇ ಹಾಳೆಯ ಫಲಕ ಹಾಕಲಿ: ಹತ್ತಿರ ಯಾವ ರಾಸಾಯನಿಕವಿದೆ, ಎಷ್ಟು ದೂರದವರೆಗೆ ಅಪಾಯ, ಸೈರನ್ನಿನ ಯಾವ ಕೂಗಿಗೆ ಏನರ್ಥ, ಎಲ್ಲಿ ಸೇರಬೇಕು. ಧ್ವನಿವರ್ಧಕದ ಸೂಚನೆ ಕನ್ನಡದ ಜೊತೆ ತುಳು, ಬ್ಯಾರಿ ಭಾಷೆಗಳಲ್ಲೂ, ವಲಸೆ ಕಾರ್ಮಿಕರಿಗಾಗಿ ಹಿಂದಿಯಲ್ಲೂ ಇರಲಿ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ರಸ್ತೆಯಿಂದಲೂ ಕಾಣುವಂತಿರಲಿ. ಮುಂದಿನ ಅಣಕು ಕಾರ್ಯಾಚರಣೆ ರಾತ್ರಿ ಹೊತ್ತು, ನಿವಾಸಿಗಳನ್ನು ಸೇರಿಸಿಕೊಂಡು ನಡೆಯಲಿ.

2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಸ್ಫೋಟಿಸಿ ಹಲವರು ಪ್ರಾಣ ಕಳೆದುಕೊಂಡರು. ಅಲ್ಲಿ ಕಾರ್ಖಾನೆಯೂ ಇರಲಿಲ್ಲ, ಸೈರನ್ನೂ ಇರಲಿಲ್ಲ. ಟ್ಯಾಂಕರ್‌ಗಳು ಸಾಗುವ ಹೆದ್ದಾರಿ ಬದಿಯ ಊರುಗಳಿಗೂ ಈ ಫಲಕ, ಈ ತರಬೇತಿ ತಲುಪುವಂತೆ ಜಿಲ್ಲಾಡಳಿತ ನೋಡಿಕೊಳ್ಳಬೇಕೆಂದು ವಿನಂತಿ.

— ಓದುಗರು, ಕುಳಾಯಿ, ಮಂಗಳೂರು