ಅರಿಷಿಣದ ಗುಳಿಗಿ ತರೂದಿಲ್ಲ, ವೈನಿ

ಮೆಲ್ಬರ್ನ್, ರವಿವಾರ

ವೈನಿಯವರಿಗೆ ನಿಮ್ಮ ನಾದಿನಿಯ ನಮಸ್ಕಾರ. ನಾವು ಇಲ್ಲಿ ಆರಾಮ ಅದೀವಿ. ತೇರದಾಳದಾಗ ಎಲ್ಲಾರೂ ಆರಾಮ ಅದೀರಿ ಅಂದ್ಕೊಂಡೀನಿ.

ಮೊನ್ನಿ ಫೋನಿನ್ಯಾಗ ನೀವು, "ಬರುವಾಗ ಅರಿಷಿಣದ ಗುಳಿಗಿ ಎರಡು ಬಾಟ್ಲಿ ತಗೊಂಡ ಬಾ, ಮಗಳ ಮದವಿಯೊಳಗ ನಾಲ್ಕು ಕಿಲೋ ಇಳೀಬೇಕು" ಅಂದ್ರಿ. ಹಿಂದ ಅಣ್ಣ ನಕ್ಕ, ಮಾತು ಅಲ್ಲೇ ಹಾರಿಹೋತು. ಫೋನಿನ್ಯಾಗ ಹೇಳಿದ್ರ ಅರ್ಧಾ ಕೇಳಿ ಅರ್ಧಾ ಬಿಡ್ತೀರಿ ಅಂತ ಕುಂತು ಬರ್ಯಾಕತ್ತೀನಿ. ಅವ್ವಗೂ ಓದಿ ಹೇಳ್ರಿ, ಆಕಿಗೆ ಸಂಬಂಧಪಟ್ಟದ್ದೂ ಒಂದು ಮಾತು ಇದರಾಗ ಐತಿ.

ಖರೇ ಹೇಳಬೇಕಂದ್ರ ಫೋನ್ ಇಟ್ಟ ಮ್ಯಾಲೆ ನನಗೂ ನಗು ಬಂತು. ಅಪ್ಪ ಅರಿಷಿಣ ಕಿತ್ತು, ಕೊಪ್ಪರಿಗ್ಯಾಗ ಕುದಿಸಿ, ಹದಿನೈದು ದಿನ ಒಣಗಿಸಿ, ಡ್ರಮ್ಮಿನ್ಯಾಗ ಉಜ್ಜಿಸಿ ಸಾಂಗ್ಲಿ ಪ್ಯಾಟಿಗೆ ಒಯ್ಯತಿದ್ದ. ನನ್ನ ಸಾಲಿ ಪುಸ್ತಕದ ಹಾಳಿಗೆಲ್ಲ ಹಳದಿ ಬೆರಳಿನ ಗುರುತು ಇರ್ತಿದ್ವು. ಅದನ್ನ ಬೆಳೆಯೂ ಮನಿಗೆ ಈಗ ನಾ ಸಮುದ್ರಾ ದಾಟಿಸಿ ಅರಿಷಿಣ ತರಬೇಕಂತ!

ಆದ್ರ ವೈನಿ, ಡಬ್ಬಿಯೊಳಗಿನ ಅರಿಷಿಣ ಬ್ಯಾರೆ, ಗುಳಿಗಿಯೊಳಗಿಂದು ಬ್ಯಾರೆ. ಅರಿಷಿಣಕ್ಕ ಹಳದಿ ಬಣ್ಣಾ ಕೊಡೂ ಸತ್ವಕ್ಕ ಕರ್ಕ್ಯುಮಿನ್ ಅಂತಾರ, ನಮ್ಮ ಪುಡಿಯೊಳಗ ಅದು ನೂರಕ್ಕ 3ರ ಆಸುಪಾಸು. ದಿನಾ ಒಂದು ಚಮಚ, ಅಂದ್ರ 3 ಗ್ರಾಂ ಪುಡಿ ಹೊಟ್ಟಿಗೆ ಹೋದ್ರೂ ಕರ್ಕ್ಯುಮಿನ್ 90 ಮಿಲಿಗ್ರಾಂ ಆಗತೈತಿ. ನಾ ಕೆಲಸಾ ಮಾಡೂ ಔಷಧದ ಅಂಗಡ್ಯಾಗ ಇರೂ ಒಂದು ಗುಳಿಗಿಯೊಳಗ 500 ಮಿಲಿಗ್ರಾಂ ಐತಿ, ಮ್ಯಾಲೆ ದಿನಕ್ಕ ಎರಡು ಅಂತ ಬರದಾರ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಊಟದೊಳಗಿನ ಕರ್ಕ್ಯುಮಿನ್ನಿಗೆ ಹಾಕಿದ ಮಿತಿ ದಿನಕ್ಕ, ಮೈತೂಕದ ಕಿಲೋಕ್ಕ 3 ಮಿಲಿಗ್ರಾಂ. ನೀವು 72 ಕಿಲೋ ಅಂದ್ರಿ, ಲೆಕ್ಕಾ 216ಕ್ಕ ಮುಗೀತು. ಗುಳಿಗಿ ಸಾವಿರ ಕೊಡತೈತಿ.

ಅದರಾಗ ಪೈಪರಿನ್ ಅನ್ನೂ ಕರಿಮೆಣಸಿನ ಸತ್ವನೂ ಕೂಡಿಸಿರ್ತಾರ. ಬರೇ ಅರಿಷಿಣ ರಕ್ತದಾಗ ಸೇರೂದು ಭಾಳ ಕಡಿಮಿ. 1998ರಾಗ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವ್ರು 2 ಗ್ರಾಂ ಕರ್ಕ್ಯುಮಿನ್ ಜೊತಿ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದ್ರ, ರಕ್ತಕ್ಕ ಹೋಗೂದು 20 ಪಟ್ಟು ಏರಿತ್ತು. ಕಂಪನಿಯವ್ರು ಇದನ್ನ ದೊಡ್ಡ ಅಕ್ಷರದಾಗ ಹೆಮ್ಮಿಯಿಂದ ಹಾಕ್ತಾರ. ಆದ್ರ ಮೆಣಸಿನ ಸತ್ವ ಲಿವರಿನ ಕೆಲಸಾ ನಿಧಾನ ಮಾಡಿದ್ರ ಬ್ಯಾರೆ ಗುಳಿಗಿಗಳೂ ಮೈಯಾಗ ಹೆಚ್ಚು ಹೊತ್ತು ಉಳಿಯಬಹುದು ಅನ್ನೂದನ್ನ ಅಷ್ಟು ದೊಡ್ಡದಾಗಿ ಬರ್ಯೂದಿಲ್ಲ.

ಇಲ್ಲಿ ಆಸ್ಟ್ರೇಲಿಯಾದ ಔಷಧ ಇಲಾಖೆ 2023ರಾಗ ಎಚ್ಚರಿಕಿ ಕೊಟ್ಟತಿ. ಅರಿಷಿಣದ ಗುಳಿಗಿ ತಗೊಂಡವರಾಗ ಲಿವರ್ ತೊಂದರಿ ಆದ 18 ದೂರು ಅವರ ಹತ್ರ ಬಂದಿದ್ವು. ತಗೊಳ್ಳೂ ಮಂದಿ ಲೆಕ್ಕಕ್ಕ ಇದು ಕಡಿಮಿನ, ಆದ್ರ ಅದರಾಗ ಸಾವೂ ಐತಿ. ಊಟದಾಗ ಹಾಕೂವಷ್ಟು ಅಡಗಿ ಅರಿಷಿಣದಿಂದ ಈ ಅಪಾಯ ಕಾಣೂದಿಲ್ಲ ಅಂತನೂ ಅವರ ಅಂದಾರ, ಎಚ್ಚರಿಕಿ ಗುಳಿಗಿದ್ದಷ್ಟ. ಆಮ್ಯಾಲೆ ನಾ ಅಂಗಡ್ಯಾಗ ಬಂದವ್ರಿಗೆ ಕೇಳಾಕ ಸುರು ಮಾಡಿದೆ. "ಏನಾರ ಔಷಧ ತಗೋತೀರೇನು?" ಅಂದ್ರ ಬಿಪಿದ ಹೇಳ್ತಾರ, ಸಕ್ಕರಿದ ಹೇಳ್ತಾರ, ಅರಿಷಿಣದ ಹೆಸರು ಎತ್ತೂದಿಲ್ಲ. ಅದು ಔಷಧ ಅಲ್ಲ ಅಂತ ಅವರ ಲೆಕ್ಕ. ಡಾಕ್ಟ್ರ ಮುಂದೂ ಹಂಗ ಇರಬೇಕು.

ಈಗ ನಿಮ್ಮ ಮಾತು. ಹೋದ ವರ್ಷ ಜಮಖಂಡಿಯಾಗ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಾಗ ಹರಳು ಅದಾವ ಅಂದಿದ್ರಲ್ಲ? ಅರಿಷಿಣದ ಸತ್ವ ಪಿತ್ತಕೋಶ ಹಿಂಡತೈತಿ. ಹರಳು ಇದ್ದವ್ರಿಗೆ ಅದರಿಂದ ನೋವು ಏಳಬಹುದು. ಮ್ಯಾಲೆ ಸಕ್ಕರಿ ಗುಳಿಗಿ ಬ್ಯಾರೆ ನುಂಗ್ತೀರಿ, ಎರಡೂ ಕೂಡಿ ಸಕ್ಕರಿ ಬೇಕಾದ್ದಕ್ಕಿಂತ ಕೆಳಗ ಇಳದ್ರ ಮದವಿ ಮನ್ಯಾಗ ನೀವು ಬಿದ್ದಿರ್ತೀರಿ. ಅವ್ವಂದು ಇನ್ನೂ ಸೂಕ್ಷ್ಮ. ಸ್ಟೆಂಟ್ ಹಾಕಿದ ಮ್ಯಾಲೆ ರಕ್ತ ತೆಳು ಮಾಡೂ ಗುಳಿಗಿ ತಗೋತಾಳ, ಅದರ ಜೊತಿ ಇದು ಕೂಡಿದ್ರ ರಕ್ತ ಸೋರೂ ಭಯಾ. ಮೊಣಕಾಲ ನೋವಿಗೆ ಒಳ್ಳೇದಂತ ಆಕಿ ನಿಮ್ಮ ಬಾಟ್ಲಿಗೆ ಕೈ ಹಾಕ್ಯಾಳು, ನಾ ಬಲ್ಲೆ ಆಕಿನ್ನ.

ಇಷ್ಟ ಹೇಳಿದ್ರೂ ಬಾಜೂ ಮನಿ ಅಕ್ಕಾರು ಆರು ಕಿಲೋ ಇಳದಾರ ಅಂತೀರಿ. ಅವರು ಗುಳಿಗಿ ಜೊತಿ ರಾತ್ರಿ ಊಟಾ ಬಿಟ್ಟದ್ದನ್ನೂ ನೀವ ಹೇಳಿದ್ರಿ, ನೆನಪೈತೇನು? ಅರಿಷಿಣದಿಂದ ತೂಕ ಇಳೀತು ಅಂದ ಪರೀಕ್ಷೆಗಳೊಳಗೂ ಇಳದದ್ದು ಸಣ್ಣದು, ಸೀರಿ ಬ್ಲೌಜು ಹೊಲಿಸೂವಾಗ ಗೊತ್ತೂ ಆಗಲಿಕ್ಕಿಲ್ಲ.

ಹಟಾ ಬಿಡೂದಿಲ್ಲ ಅಂದ್ರ ಗುಳಿಗಿ ಬಾಟ್ಲಿನ ಕೈಯಾಗ ಹಿಡಕೊಂಡು ನಿಮ್ಮ ಡಾಕ್ಟ್ರ ಕಡೆ ಹೋಗ್ರಿ, ನಿಮ್ಮ ಬ್ಯಾರೆ ಗುಳಿಗಿ ಚೀಟಿನೂ ಒಯ್ರಿ. ಹರಳಿನ ಆಪರೇಷನ್ ಗೊತ್ತಾದ್ರ ಎರಡು ವಾರ ಮೊದಲ ಅರಿಷಿಣದ ಗುಳಿಗಿ ನಿಲ್ಲಸ್ರಿ. ಕಣ್ಣು ಹಳದಿ, ಮೂತ್ರ ಚಹಾ ಬಣ್ಣ, ಮೈ ತುರಿಕಿ, ಊಟಾ ಸೇರಲಾರದಂಗ ಆದ್ರ ಅವತ್ತ ಬಿಟ್ಟು ದವಾಖಾನಿಗೆ ಹೋಗ್ರಿ. ಅರಿಷಿಣಾ ತಿಂದದ್ದಕ್ಕ ಹಳದಿ ಆಗೇತಿ ಅಂತ ಅಣ್ಣ ಚಾಷ್ಟಿ ಮಾಡ್ಯಾನು, ಕೇಳಬ್ಯಾಡ್ರಿ.

ಸಾರಿನ ಅರಿಷಿಣಕ್ಕ ನನ್ನದೇನೂ ತಕರಾರಿಲ್ಲ. ಆದ್ರ ಸಂಜೀಮುಂದ ಚುರುಮುರಿ ಜೊತಿ ನಾಲ್ಕು ಮಿರ್ಚಿ ಭಜಿ ಎರಡಕ್ಕ ಇಳಸ್ರಿ. ರೊಟ್ಟಿ ಬಿಡೂದು ಬ್ಯಾಡ, ಪುಂಡಿಪಲ್ಯಾ ಹೆಚ್ಚು ಹಾಕ್ಕೊಳ್ರಿ.

ಗುಳಿಗಿ ಬದಲಿ ನಿಮಗ ನಡ್ಯಾಕ ಬೂಟು ತರ್ತೀನಿ. ಹೊಲದ ಹಾದಿಗೆ ಚಪ್ಪಲ್ ಹಾಕ್ಕೊಂಡು ಹೋದ್ರ ಅರ್ಧಾ ಮೈಲಿಗೆ ಹಿಮ್ಮಡ ನೋಯತಾವ ಅಂದಿದ್ರಿ. ಒಂದು ಹಾಳಿ ಮ್ಯಾಲೆ ಕಾಲಿಟ್ಟು ಪೆನ್ಸಿಲಲೆ ಸುತ್ತ ಗೀಟು ಎಳದು, ಉದ್ದಾ ಎಷ್ಟು ಇಂಚು ಬರದು, ಫೋಟೋ ಹಾಕ್ರಿ. ಎರಡೂ ಕಾಲಿಂದು. ಅವ್ವಂದೂ ಇರಲಿ.

ನಿಮ್ಮ ನಾದಿನಿ