ಕ್ರೆಡಿಟ್ ಕಾರ್ಡ್ ಷರತ್ತುಗಳು ಕನ್ನಡದಲ್ಲೂ ಸಿಗಲಿ

ಮಾನ್ಯ ಸಂಪಾದಕರೇ,

ವಿಮಾನ ಪ್ರಯಾಣದ ಕ್ರೆಡಿಟ್ ಕಾರ್ಡ್‌ಗಳನ್ನು ಮಾರುವವರು ಈಗ ಮಂಗಳೂರಿನ ಮಾಲ್‌ಗಳಲ್ಲೂ ಕಚೇರಿಗಳಲ್ಲೂ ಎದುರಾಗುತ್ತಾರೆ. ಮಕ್ಕಳು ಗಲ್ಫ್‌ನಲ್ಲಿರುವ, ಕೆಲಸದ ಮೇಲೆ ಮುಂಬಯಿ, ಬೆಂಗಳೂರಿಗೆ ಓಡಾಡುವ ಕುಟುಂಬಗಳು ನಮ್ಮಲ್ಲಿ ಹೆಚ್ಚಿರುವುದರಿಂದ ಇದು ಸಹಜವೇ. ಆದರೆ ‘ಲೌಂಜ್ (ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿ) ಉಚಿತ, ಟಿಕೆಟ್ ಉಚಿತ’ ಎಂಬುದರಾಚೆಗೆ ಅವರು ಮಾತು ಬೆಳೆಸುವುದಿಲ್ಲ. ಷರತ್ತುಗಳನ್ನು ಕೇಳಿದರೆ ಸಣ್ಣ ಅಕ್ಷರಗಳ ಇಂಗ್ಲಿಷ್ ಹಾಳೆಯನ್ನು ಮುಂದಿಡುತ್ತಾರೆ.

ಲೌಂಜ್ ಪ್ರವೇಶಕ್ಕೆ ಹಿಂದಿನ ತ್ರೈಮಾಸಿಕದಲ್ಲಿ ಇಂತಿಷ್ಟು ಖರ್ಚು ಮಾಡಿರಬೇಕೆಂಬ ನಿಯಮವನ್ನು 2023ರ ಕೊನೆಯಿಂದೀಚೆಗೆ ಹಲವು ಬ್ಯಾಂಕುಗಳು ತಂದಿವೆ. ಕೆಲವು ಕಾರ್ಡ್‌ಗಳಿಗೆ ಈ ಮಿತಿ 2024ರಲ್ಲಿ 35,000 ರೂಪಾಯಿಯಿದ್ದರೆ, ಇನ್ನು ಕೆಲವಕ್ಕೆ ಒಂದು ಲಕ್ಷದಷ್ಟಿತ್ತು. ಅಂದರೆ ಮೇ ತಿಂಗಳಲ್ಲಿ ಬಜಪೆ ವಿಮಾನ ನಿಲ್ದಾಣದಿಂದ ಹೊರಡುವವರು ಜನವರಿಯಿಂದ ಮಾರ್ಚ್‌ವರೆಗೆ ಮಾಡಿದ ಖರ್ಚನ್ನು ಬ್ಯಾಂಕ್ ನೋಡುತ್ತದೆ. ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ಹಾಕಿದ ಹಣ ಅನೇಕ ಕಾರ್ಡ್‌ಗಳಲ್ಲಿ ಆ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ತಿಳಿಯದೆ ಲೌಂಜ್ ಬಾಗಿಲಿಗೆ ಹೋದ ನಮ್ಮ ಪರಿಚಯದ ಹಿರಿಯ ದಂಪತಿ, ಕಾರ್ಡ್ ಉಜ್ಜಿದ ಮೇಲೆ ಪ್ರವೇಶವಿಲ್ಲವೆಂದು ಹೇಳಿಸಿಕೊಂಡು, ಎಲ್ಲರೆದುರು ಮರಳಿ ಬರಬೇಕಾಯಿತು.

ಖರ್ಚಿಗೆ ಪ್ರತಿಯಾಗಿ ಸಿಗುವ ರಿವಾರ್ಡ್ ಪಾಯಿಂಟ್‌ಗಳ ವಿಷಯದಲ್ಲಿ ನಮ್ಮೂರಿನ ಪರಿಸ್ಥಿತಿಯನ್ನೇ ಮೊದಲು ನೋಡಬೇಕು. ಇಲ್ಲಿಂದ ಹೆಚ್ಚಾಗಿ ಹಾರುವುದು ಇಂಡಿಗೋ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್. ಇವೆರಡೂ ಹಲವು ದೇಶಗಳ ವಿಮಾನ ಸಂಸ್ಥೆಗಳು ಸೇರಿರುವ ಸ್ಟಾರ್ ಅಲಯನ್ಸ್ ಕೂಟದಲ್ಲಿಲ್ಲ. ಹೀಗಿರುವಾಗ ಆ ಕೂಟದ ವಿಮಾನಗಳಲ್ಲಿ ಮಾತ್ರ ಸಲ್ಲುವ, ಪಾಯಿಂಟ್ ರೂಪದ ಮೈಲ್‌ಗಳನ್ನು ಕೂಡಿಟ್ಟರೆ, ಅವನ್ನು ಬಳಸಲು ಬೆಂಗಳೂರಿಗೋ ಮುಂಬಯಿಗೋ ಬೇರೆ ಟಿಕೆಟ್ ಕೊಂಡು ಹೋಗಬೇಕಾಗುತ್ತದೆ. ಒಂದೇ ವಿಮಾನ ಸಂಸ್ಥೆಯ ಹೆಸರಿನ ಕಾರ್ಡ್‌ನಲ್ಲೂ ಅಪಾಯವಿದೆ. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಆ ಹೆಸರಿನ ಕಾರ್ಡ್ ಇದ್ದವರೆಲ್ಲ ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಪಾಯಿಂಟ್‌ಗಳಿಂದ ಪಡೆದ ಟಿಕೆಟ್‌ಗೂ ತೆರಿಗೆ, ಶುಲ್ಕಗಳನ್ನು ಸಾಮಾನ್ಯವಾಗಿ ಕೈಯಿಂದಲೇ ಕಟ್ಟಬೇಕು.

ವಿದೇಶದ ಖರ್ಚಿನ ಮೇಲಿನ ಶುಲ್ಕವಂತೂ ಮಾರುವವರ ಬಾಯಲ್ಲಿ ಬರುವುದೇ ಅಪರೂಪ. ಶೇ 3.5ರ ದರವಿರುವ ಕಾರ್ಡ್‌ನಲ್ಲಿ ದುಬೈಯಲ್ಲಿ ಒಂದು ಲಕ್ಷ ರೂಪಾಯಿಯಷ್ಟು ಖರ್ಚು ಮಾಡಿದರೆ, ಶೇ 18ರ ಜಿಎಸ್‌ಟಿ ಸೇರಿ 4,130 ರೂಪಾಯಿ ಹೆಚ್ಚುವರಿಯಾಗಿ ಹೋಗುತ್ತದೆ. ವರ್ಷಕ್ಕೊಮ್ಮೆ ಮಕ್ಕಳನ್ನು ನೋಡಲು ಹೋಗುವವರಿಗೆ ಲೌಂಜ್‌ನ ಊಟಕ್ಕಿಂತ ಈ ದರ ಕಡಿಮೆಯಿರುವ ಕಾರ್ಡ್ ಹೆಚ್ಚು ಲಾಭದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಕಟ್ಟಲಾಗದವರು ಇಂಥ ಕಾರ್ಡ್ ಮಾಡಿಸದಿರುವುದೇ ಒಳಿತು. ತಿಂಗಳಿಗೆ ಶೇ 3ಕ್ಕೂ ಮೀರುವ ಬಡ್ಡಿಯ ಮುಂದೆ ಯಾವ ಪಾಯಿಂಟೂ ನಿಲ್ಲದು.

ಷರತ್ತುಗಳು ಸರಳ ಭಾಷೆಯಲ್ಲಿ, ಆದಷ್ಟು ಮಟ್ಟಿಗೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಹೇಳುತ್ತದೆ. ಶುಲ್ಕ ಬದಲಿಸುವುದಿದ್ದರೆ ಒಂದು ತಿಂಗಳು ಮೊದಲೇ ತಿಳಿಸಬೇಕು. ಬಾಕಿಯಿಲ್ಲದ ಗ್ರಾಹಕ ಕೋರಿದರೆ ಏಳು ಕೆಲಸದ ದಿನಗಳೊಳಗೆ ಕಾರ್ಡ್ ರದ್ದುಪಡಿಸಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡ ತೆರಬೇಕು ಎಂದೂ ಅದರಲ್ಲಿದೆ. ಕೆನರಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್‌ಗಳು ಹುಟ್ಟಿದ ಈ ನೆಲದಲ್ಲಿ ಲೌಂಜ್ ಮಿತಿ, ವಾರ್ಷಿಕ ಶುಲ್ಕ, ವಿದೇಶದ ಖರ್ಚಿನ ಮೇಲಿನ ಶುಲ್ಕ ಮತ್ತು ಪಾಯಿಂಟ್‌ಗಳ ಅವಧಿಯನ್ನು ತಿಳಿಸುವ ಒಂದು ಪುಟದ ಕನ್ನಡ ಮಾಹಿತಿ ಹಾಳೆಯನ್ನು ಸಹಿ ಹಾಕಿಸಿಕೊಳ್ಳುವ ಮುನ್ನ ಎಲ್ಲ ಬ್ಯಾಂಕುಗಳೂ ಕೊಡುವಂತಾಗಬೇಕು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಅಧಿಕಾರಿಗಳು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಓದುಗರೊಬ್ಬರು, ಕದ್ರಿ, ಮಂಗಳೂರು